ಎಷ್ಟು ಗ್ರಾಂ ಅನ್ನೋದಕ್ಕಿಂತ ಮೊದಲು ಯಾರ ಸರ ಅಂತ ಕೇಳೋಣ

ಇಲ್ಲಿ ಇಂಗ್ಲೆಂಡಿನಲ್ಲಿ ಆಫೀಸಿನ ಗೆಳತಿಯೊಬ್ಬಳಿಗೆ ಕತ್ತಿನ ಸರ ಚೆನ್ನಾಗಿದೆ ಅಂದರೆ ಸಾಕು, "ಇದು ನಮ್ಮಜ್ಜಿಯದು, ಅವರಿಗೆ ಅವರತ್ತೆ ಕೊಟ್ಟಿದ್ದು" ಅಂತ ಶುರು ಮಾಡುತ್ತಾಳೆ. ಅದೇ ಮಾತನ್ನು ನಮ್ಮ ಕನ್ನಡ ಬಳಗದ ಯುಗಾದಿ ಊಟದಲ್ಲಿ ಆಡಿ ನೋಡಿ. "ಮೂವತ್ತೆರಡು ಗ್ರಾಂ, ಹೋದ ಸಲ ಊರಿಗೆ ಹೋದಾಗ ಹಳೇದೆಲ್ಲ ಹಾಕಿ ಮಾಡಿಸಿದೆ" ಅನ್ನುತ್ತಾರೆ. ಎರಡೂ ಹೆಮ್ಮೆಯ ಮಾತೇ, ಎರಡರಲ್ಲೂ ತಪ್ಪಿಲ್ಲ. ಆದರೆ ಆ "ಹಳೇದೆಲ್ಲ ಹಾಕಿ" ಅನ್ನೋದು ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಆ ಹಳೇದು ಏನಾಗಿತ್ತು? ಕಾಸಿನ ಸರವೇ, ಗುಂಡಿನ ಸರವೇ, ಅಡ್ಡಿಕೆಯೇ? ಯಾರ ಕತ್ತಿನಲ್ಲಿತ್ತು, ಯಾವ ಊರಿನ ಅಕ್ಕಸಾಲಿ ಮಾಡಿದ್ದು? ಯಾರೂ ಕೇಳುವುದಿಲ್ಲ. ಅಷ್ಟು ಹೊತ್ತಿಗೆ ಅದು ಮೂಸೆಯಲ್ಲಿ ಕರಗಿ ಗಟ್ಟಿಯಾಗಿರುತ್ತದೆ.

ಮೊದಲು ನಮ್ಮ ಕಡೆಯ ನ್ಯಾಯ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿನವರು ನಮ್ಮ ಚಿನ್ನದ ಆಸೆಯನ್ನು ನೋಡಿ ನಗುವುದನ್ನು ಕೇಳಿದ್ದೇನೆ, ಅದು ನನಗೆ ಸರಿ ಅನ್ನಿಸಿಲ್ಲ.

ಇಂಗ್ಲೆಂಡಿನ ಪೇಟೆ ಬೀದಿಯ ಒಡವೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗೋದು ಒಂಬತ್ತು ಕ್ಯಾರೆಟ್ ಚಿನ್ನ. 375 ಅಂತ ಮುದ್ರೆ ಇರುತ್ತದೆ, ಅಂದರೆ ಸಾವಿರದಲ್ಲಿ 375 ಪಾಲು ಮಾತ್ರ ಚಿನ್ನ, ಉಳಿದದ್ದು ತಾಮ್ರ ಬೆಳ್ಳಿ ಇತ್ಯಾದಿ. 1854ರಲ್ಲಿ ಇಲ್ಲಿನ ಸರ್ಕಾರವೇ ಅದಕ್ಕೆ ಒಪ್ಪಿಗೆ ಕೊಟ್ಟಿತು. ಹಾಗಂತ ಮೋಸ ಏನೂ ಇಲ್ಲ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ 1478ರಿಂದ ಒಡವೆ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದಾರೆ, ನಮ್ಮಲ್ಲಿ ಹಾಲ್‌ಮಾರ್ಕ್ ಕಡ್ಡಾಯ ಆಗಿದ್ದು 2021ರಲ್ಲಿ. ಆದರೆ ನಮ್ಮ ಅಜ್ಜಿಯರಿಗೆ ಆ ಮುದ್ರೆಯ ಹಂಗು ಎಲ್ಲಿತ್ತು? ಒರೆಗಲ್ಲಿಗೆ ಉಜ್ಜಿದ ಗೆರೆಯ ಬಣ್ಣ ನೋಡಿಯೇ ಹೇಳುತ್ತಿದ್ದರು. 916, ಅಂದರೆ 22 ಕ್ಯಾರೆಟ್, ಅಲ್ಲದ ಚಿನ್ನವನ್ನು ನಮ್ಮವರು ಚಿನ್ನ ಅಂತ ಲೆಕ್ಕಕ್ಕೇ ತಗೊಂಡಿಲ್ಲ. 1962ರ ಚೀನಾ ಯುದ್ಧದ ಹೊತ್ತಿಗೆ ರಕ್ಷಣಾ ನಿಧಿಗೆ ಅಂತ ಎಷ್ಟೋ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಆದರೆ 1963ರಲ್ಲಿ ಹೊಸ ಒಡವೆ 14 ಕ್ಯಾರೆಟ್ ಮೀರಬಾರದು ಅಂತ ಆಗಿನ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ ನಿಯಮ ತಂದಾಗ ಅದೇ ಜನ ಒಪ್ಪಲಿಲ್ಲ. ಅಕ್ಕಸಾಲಿಗರ ಕೆಲಸ ಹೋಯಿತು, ಎಷ್ಟೋ ಮನೆಗಳು ಹಾಳಾದವು, ಕೆಲವೇ ವರ್ಷಗಳಲ್ಲಿ ಆ ನಿಯಮ ಕೈಬಿಡಬೇಕಾಯಿತು. ಈಗ ಚಿನ್ನದ ದರ ಏರಿ ಏರಿ 2025ರಲ್ಲಿ ನಮ್ಮಲ್ಲೂ ಒಂಬತ್ತು ಕ್ಯಾರೆಟ್ಟಿಗೆ ಹಾಲ್‌ಮಾರ್ಕ್ ಬಂದಿದೆ. ಮದುವೆ ಸರಕ್ಕೆ ಅದನ್ನು ಯಾರಾದರೂ ಒಪ್ಪುತ್ತಾರಾ, ನನಗೇನೋ ಅನುಮಾನವೇ.

ತೂಕದ ಮೋಹ ನಮ್ಮದೊಂದೇ ಅಂತ ಇಲ್ಲಿನವರು ತಿಳಿದಿದ್ದರೆ ಬ್ರಿಟಿಷ್ ಮ್ಯೂಸಿಯಂಗೆ ಹೋಗಿ ನೋಡಲಿ. ಸ್ನೆಟ್ಟಿಶಮ್ ಟಾರ್ಕ್ ಅಂತ ಒಂದಿದೆ. ನಾರ್ಫೋಕ್ ಕಡೆಯ ಹೊಲವೊಂದನ್ನು 1950ರಲ್ಲಿ ಉಳುವಾಗ ಸಿಕ್ಕಿದ್ದು, ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಕತ್ತಿಗೆ ಹಾಕುವ ಗಟ್ಟಿ ಬಳೆಯಂಥ ಒಡವೆ, ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ, ಬೆಳ್ಳಿ ಬೆರೆತ ಚಿನ್ನ. ಗಾಜಿಗೆ ಮುಖ ಒತ್ತಿ ನೋಡಿದರೆ ಗೊತ್ತಾಗುತ್ತದೆ ಅದು ಎಂಥ ಕೈಕೆಲಸ ಅಂತ. ಎರಡು ಮಿಲಿಮೀಟರ್ ಕೂಡ ದಪ್ಪ ಇಲ್ಲದ ತಂತಿಗಳು, ಎಂಟೆಂಟನ್ನು ಒಟ್ಟಿಗೆ ಹೊಸೆದು ಒಂದು ಹುರಿ, ಅಂಥ ಎಂಟು ಹುರಿಗಳನ್ನು ಮತ್ತೆ ಒಂದರ ಸುತ್ತ ಒಂದು ಹೊಸೆದಿದ್ದಾರೆ. ಒಟ್ಟು 64 ತಂತಿ. ಎರಡೂ ತುದಿಗೆ ದಪ್ಪ ಉಂಗುರ, ಅದರ ಮೇಲೆ ಸುಳಿಸುಳಿ ಚಿತ್ತಾರ. ಆ ಸೀಮೆಯ ರಾಣಿ ಬೂಡಿಕಾ ರೋಮನ್ನರ ಮೇಲೆ ಯುದ್ಧಕ್ಕೆ ಹೊರಟಾಗ ಕತ್ತಿನಲ್ಲಿ ಅಂಥದೇ ದೊಡ್ಡ ಚಿನ್ನದ ಹುರಿ ಇತ್ತು ಅಂತ ರೋಮಿನ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. ಅಷ್ಟು ಭಾರ ಹೊತ್ತು ಹೊಲದ ಕೆಲಸ ಮಾಡಲಿಕ್ಕೆ ಆಗುತ್ತಾ? ಆಗೋದಿಲ್ಲ. ನಾನು ಕೆಲಸ ಮಾಡಬೇಕಾದವಳಲ್ಲ ಅಂತ ಹೇಳೋದಕ್ಕೇ ಆ ಭಾರ. ನಮ್ಮ ಲಂಬಾಣಿ ಹೆಂಗಸರ ಬೆಳ್ಳಿಯ ಹಾಸಲಿಯೂ ಕತ್ತಿಗೆ ಗಟ್ಟಿ ಬಳೆಯೇ. ಆದರೆ ಅದನ್ನು ಹಾಕಿಕೊಂಡೇ ಅವರು ಗೋಧಿ ಕೊಯ್ದಿದ್ದಾರೆ, ಕಲ್ಲು ಹೊತ್ತಿದ್ದಾರೆ. ನನಗೆ ಈ ಎರಡನೆಯದರ ಮೇಲೆಯೇ ಗೌರವ ಜಾಸ್ತಿ.

ವಿಜಯನಗರದಲ್ಲೂ ಇದೇ ಭಾರದ ಕಥೆ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿ ನೋಡಿ ಬರೆದಿದ್ದಾನೆ. ಅರಮನೆಯ ಹೆಂಗಸರಲ್ಲಿ ಕೆಲವರ ಮೈಮೇಲೆ ಎಷ್ಟು ಚಿನ್ನ, ರತ್ನ ಇತ್ತೆಂದರೆ ಅದನ್ನು ಹೊರಲಾರದೆ ಪಕ್ಕದವರು ತೋಳು ಹಿಡಿದು ನಡೆಸಬೇಕಿತ್ತಂತೆ. ಕೃಷ್ಣದೇವರಾಯನ ಕತ್ತಿನಲ್ಲೂ ಬಹಳ ಬೆಲೆಬಾಳುವ ವಜ್ರದ ಪದಕ ಇತ್ತು ಅಂತಾನೆ. ಗಂಡಸರು ಕತ್ತಿಗೆ ಒಡವೆ ಹಾಕೋದು ನಾಚಿಕೆ ಅನ್ನುವುದೆಲ್ಲ ತೀರಾ ಈಚಿನದು. ಲಂಡನ್ನಿನ ಲಾರ್ಡ್ ಮೇಯರ್ ಇವತ್ತಿಗೂ ಹಾಕುವ ಚಿನ್ನದ ಸರಪಳಿಯನ್ನು ಹಿಂದಿನ ಮೇಯರ್ ಸರ್ ಜಾನ್ ಆ್ಯಲನ್ 1545ರಲ್ಲಿ ತನ್ನ ಉಯಿಲಿನಲ್ಲಿ ಬಿಟ್ಟುಹೋದದ್ದು. ಸರ ಒಂದೇ, ಅದನ್ನು ಹಾಕುವ ಕತ್ತು ಬದಲಾಗುತ್ತಾ ಬಂದಿದೆ.

ಯಾರ ಕತ್ತಿಗೆ ಏನು ಬೀಳಬೇಕು ಅಂತ ಮೇಲಿನವರು ಅಪ್ಪಣೆ ಮಾಡುವುದೂ ಎರಡೂ ಕಡೆ ಇತ್ತು. 1363ರಲ್ಲಿ ಮೂರನೇ ಎಡ್ವರ್ಡ್ ಕಾಲದ ಕಾನೂನು ಕುಶಲಕರ್ಮಿಗಳು, ಸಣ್ಣ ರೈತರು ಚಿನ್ನ ಬೆಳ್ಳಿಯ ಸರಪಳಿ, ಉಂಗುರ ಹಾಕಬಾರದು ಅಂದಿತ್ತು. ಇಂಥ ಕಾನೂನುಗಳೆಲ್ಲ ಇಂಗ್ಲೆಂಡಿನಲ್ಲಿ ಪೂರ್ತಿ ಹೋಗಿದ್ದು 1604ರಲ್ಲಿ. ಅದಕ್ಕಿಂತ ಕ್ರೂರವಾದದ್ದು ಇನ್ನೊಂದಿದೆ. 17, 18ನೇ ಶತಮಾನದ ಇಂಗ್ಲಿಷ್ ಶ್ರೀಮಂತರ ವರ್ಣಚಿತ್ರಗಳನ್ನು ನೋಡಿ, ಒಡತಿಯ ಕತ್ತಿನಲ್ಲಿ ಮುತ್ತಿನ ಸರ, ಪಕ್ಕದಲ್ಲಿ ನಿಂತ ಕಪ್ಪು ಹುಡುಗನ ಕತ್ತಿನಲ್ಲಿ ಬೆಳ್ಳಿಯ ಪಟ್ಟಿ. ಅವನು ಆ ಮನೆಯ ಗುಲಾಮ. ಒಂದೇ ಚಿತ್ರದಲ್ಲಿ ಎರಡು ಕತ್ತು. ಇದನ್ನು ನೋಡಿದಾಗ ನನಗೆ ಕೇರಳದ ಕಲ್ಲುಮಾಲೆ ನೆನಪಾಗುತ್ತದೆ. ಅಲ್ಲಿನ ದಲಿತ ಜಾತಿಯಾದ ಪುಲಯರ ಹೆಂಗಸರು ಕಲ್ಲಿನ ಮಣಿಗಳ ಮಾಲೆಯನ್ನೇ ಹಾಕಬೇಕು, ಚಿನ್ನ ಬೆಳ್ಳಿ ಮುಟ್ಟಬಾರದು ಅನ್ನೋದು ಜಾತಿಯ ಕಟ್ಟಳೆಯಾಗಿತ್ತು. 1915ರಲ್ಲಿ ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ದಲಿತ ನಾಯಕ ಅಯ್ಯಂಕಾಳಿ ಕರೆ ಕೊಟ್ಟರು, ಹೆಂಗಸರು ಸಭೆಯಲ್ಲೇ ಆ ಮಾಲೆಗಳನ್ನು ಕಿತ್ತೆಸೆದರು. ಕತ್ತಿನ ಸರದ ಚರಿತ್ರೆ ಬರೆಯುವವರು ರಾಣಿಯರ ವಜ್ರದ ಹಾರಕ್ಕೆ ಎಷ್ಟು ಪುಟ ಕೊಡುತ್ತಾರೋ ಆ ಕಲ್ಲಿನ ರಾಶಿಗೂ ಅಷ್ಟೇ ಕೊಡಬೇಕು.

ನಮ್ಮ ನಾಡಿನ ಇನ್ನೊಂದು ಮಾತು ಇಲ್ಲೇ ಸೇರಿಸಬೇಕು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರಿಂದ ಬಸವಣ್ಣನವರ ಪ್ರತಿಮೆ ಇದೆ, ಊರಿಂದ ಬಂದವರನ್ನು ನಾವು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಹನ್ನೆರಡನೇ ಶತಮಾನದಲ್ಲಿ ರಾಜನಿಗೂ ಚಮ್ಮಾರನಿಗೂ, ಗಂಡಿಗೂ ಹೆಣ್ಣಿಗೂ ಒಂದೇ ಥರ ಕೊರಳಲ್ಲಿ ಕಟ್ಟಿಕೊಳ್ಳಲು ಕೊಟ್ಟಿದ್ದು ಇಷ್ಟಲಿಂಗ. ದಾರ ಒಂದು, ಲಿಂಗ ಒಂದು. ಕತ್ತಿಗೆ ಹಾಕುವುದರಿಂದಲೇ ಮೇಲು ಕೀಳು ಅಳಿಸಬಹುದು ಅಂತ ತೋರಿಸಿದ್ದು ಅದು. ಆಮೇಲೆ ಲಿಂಗ ಇಡಲು ಬೆಳ್ಳಿಯ ಕರಡಿಗೆ, ಗುಂಡಗಡಿಗೆ ಬಂದು ಅಲ್ಲೂ ತೂಕ ಸೇರಿಕೊಂಡಿತು, ಅದು ಬೇರೆ ಮಾತು.

ಈಗ ಮುಖ್ಯ ವಿಷಯ. ಸರ ಯಾರ ಸ್ವತ್ತು?

ಇಂಗ್ಲೆಂಡಿನಲ್ಲಿ 1882ರ ಕಾನೂನು ಬರುವವರೆಗೂ ಮದುವೆಯಾದ ಹೆಂಗಸಿನ ಚರಾಸ್ತಿ ಹೆಚ್ಚುಕಡಿಮೆ ಗಂಡನದೇ. ಅವಳು ತವರಿನಿಂದ ತಂದ ಸರವನ್ನೂ ಅವನು ಮಾರಿಕೊಳ್ಳಬಹುದಿತ್ತು. ದೊಡ್ಡ ಮನೆತನಗಳ ವಜ್ರದ ಹಾರಗಳಂತೂ ಮನೆತನದ್ದು, ಸೊಸೆ ಅದನ್ನು ಹಾಕಿಕೊಂಡು ಕೂತು ಚಿತ್ರ ಬರೆಸಿಕೊಳ್ಳಬಹುದು ಅಷ್ಟೇ, ಗಂಡ ಸತ್ತ ಮೇಲೆ ಮುಂದಿನ ಸೊಸೆಗೆ. ನಮ್ಮಲ್ಲಿ ಹೆಣ್ಣಿಗೆ ಹೊಲ ಗದ್ದೆ ಕೊಡದೇ ಇದ್ದ ಅನ್ಯಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸ್ತ್ರೀಧನ ಅನ್ನೋದು ಅವಳದೇ ಅಂತ ಧರ್ಮಶಾಸ್ತ್ರದ ಕಾಲದಿಂದ ಇತ್ತು, 1985ರಲ್ಲಿ ಸುಪ್ರೀಂ ಕೋರ್ಟ್ ಪ್ರತಿಭಾ ರಾಣಿ ಪ್ರಕರಣದಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. ಕೈಯಲ್ಲಿ ಕಾಸಿಲ್ಲದ, ಬ್ಯಾಂಕಿನ ಮುಖ ನೋಡದ ಹೆಂಗಸಿಗೆ ಕತ್ತಿನಲ್ಲಿದ್ದದ್ದೇ ಅವಳ ಸ್ವಂತ ಗಂಟು. ಸಾಗರದ ಕಡೆ ನಮ್ಮಜ್ಜಿ ತನ್ನ ಕಾಸಿನ ಸರ ಸೊಸೈಟಿಯಲ್ಲಿ ಅಡವಿಟ್ಟು ತೋಟಕ್ಕೆ ಬಾವಿ ತೆಗೆಸಿದಳು. ಬಿಡಿಸಿಕೊಂಡು ಬಂದಳು, ಮತ್ತೆ ಚಿಕ್ಕಪ್ಪನ ಓದಿಗೆ ಇಟ್ಟಳು. ಒಂಬತ್ತು ಕ್ಯಾರೆಟ್ಟಿನ ನವಿರು ಸರದಿಂದ ಬಾವಿ ಬರುತ್ತಿತ್ತಾ? ಹಾಗಾಗಿ ಗ್ರಾಂ ಕೇಳುವ ನಮ್ಮ ಹೆಂಗಸರನ್ನು ಯಾರೂ ಹಗುರವಾಗಿ ಮಾತಾಡಬಾರದು.

ಆ ಕಾಸಿನ ಸರದ್ದೂ ಒಂದು ವಿಚಿತ್ರ ಇದೆ. ಲಕ್ಷ್ಮಿ ಕಾಸು ಎಲ್ಲರಿಗೂ ಗೊತ್ತು. ಆದರೆ ಕರಾವಳಿ, ಕೊಡಗು, ಮಲೆನಾಡಿನ ಹಳೇ ಮನೆಗಳಲ್ಲಿ ವಿಕ್ಟೋರಿಯಾ ರಾಣಿಯ ಮುಖ ಇರುವ, ಐದನೇ ಜಾರ್ಜ್ ಮುಖ ಇರುವ ನಾಣ್ಯದ ಸರಗಳೂ ಇದ್ದವು. ಇವು ಬ್ರಿಟಿಷ್ ಸಾವರಿನ್, 22 ಕ್ಯಾರೆಟ್, ತೂಕ 7.98 ಗ್ರಾಂ. ಇವತ್ತಿಗೂ ಮಂಗಳೂರು ಕಡೆ ಒಂದು ಪವನ್ ಅಂದರೆ ಎಂಟು ಗ್ರಾಂ ಅಂತ ಲೆಕ್ಕ ಹಾಕೋದು ಇದೇ ನಾಣ್ಯದಿಂದ ಬಂದದ್ದು. 1918ರಲ್ಲಿ ಆ ಒಂದು ವರ್ಷ ಬೊಂಬಾಯಿಯಲ್ಲೇ ಇದನ್ನು ಅಚ್ಚು ಹಾಕಿದ್ದರು. ಇಲ್ಲಿ ಇಂಗ್ಲೆಂಡಿನಲ್ಲಿ ಅದೇ ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಬೆರಳ ಗುರುತು ಬೀಳದ ಹಾಗೆ ಕಾಪಾಡುತ್ತಾರೆ. ನಮ್ಮವರು ಅದಕ್ಕೊಂದು ಕೊಂಡಿ ಬೆಸೆದು ಪೋಣಿಸಿ ಕತ್ತಿಗೆ ಹಾಕಿಕೊಂಡು ಗದ್ದೆಗೆ ಹೋದರು. ಕೋಲಾರದ ಗಣಿಯ ಕಂಪನಿಗಳೆಲ್ಲ ಲಂಡನ್ನಿನವೇ, ಲಾಭ ಇಲ್ಲಿಗೇ ಬರುತ್ತಿತ್ತು. ಆ ಕಾಲದಲ್ಲಿ ಚಿನ್ನ ನಮ್ಮ ನೆಲದಿಂದ ಈ ಕಡೆ ಬಂತು, ರಾಣಿಯ ಮುಖದ ನಾಣ್ಯ ಆ ಕಡೆ ಹೋಗಿ ನಮ್ಮಜ್ಜಿಯರ ಎದೆಯ ಮೇಲೆ ಕೂತಿತು. ಹಾಗೆ ಉಳಿದಿರುವ ಒಂದೊಂದು ಸರವೂ ಈ ವ್ಯಾಪಾರದ ಸಾಕ್ಷಿ. ಅದನ್ನು ಕರಗಿಸಿದರೆ ಸಾಕ್ಷಿಯೂ ಹೋಯಿತು.

ಕರಿಮಣಿಯ ಬಗ್ಗೆ ಎರಡು ಮಾತು. ಆಲ್ಬರ್ಟ್ ರಾಜಕುಮಾರ 1861ರಲ್ಲಿ ತೀರಿಕೊಂಡ ಮೇಲೆ ವಿಕ್ಟೋರಿಯಾ ಕಪ್ಪು ಬಟ್ಟೆ, ಕಪ್ಪು ಒಡವೆ ಹಿಡಿದಳು. ವ್ಹಿಟ್ಬಿ ಊರಿನ ಜೆಟ್ ಅನ್ನುವ ಕಪ್ಪು ಕಲ್ಲಿನ ಮಣಿಸರ ದೇಶಕ್ಕೆಲ್ಲ ಹರಡಿತು. ಅಂದರೆ ಇಲ್ಲಿ ಗಂಡ ಸತ್ತ ಹೆಂಗಸು ಕರಿಮಣಿ ಹಾಕಿಕೊಂಡಳು, ನಮ್ಮಲ್ಲಿ ಗಂಡ ಸತ್ತ ಹೆಂಗಸಿನ ಕತ್ತಿನಿಂದ ಕರಿಮಣಿ ಕಿತ್ತರು. ಇಲ್ಲಿ ನಾನು ಇಂಗ್ಲೆಂಡಿನ ಪಕ್ಷ. ಅವಳ ದುಃಖ ಅವಳದು, ಅದನ್ನು ಅವಳೇ ಧರಿಸಿದಳು. ನಮ್ಮಲ್ಲಿ ಅದನ್ನು ಹತ್ತು ಜನರ ಎದುರು, ಅಳುತ್ತಿರುವವಳ ಕತ್ತಿಗೆ ಬೇರೆಯವರು ಕೈ ಹಾಕಿ ತೆಗೆದರು. ಇದನ್ನು ನಾನು ನೋಡಿದ್ದೇನೆ, ನೋಡಿ ಸುಮ್ಮನಿರಲು ಆಗುವಂಥದ್ದಲ್ಲ. 2022ರಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ ಮಾಂಗಲ್ಯ ತೆಗೆಯುವ, ಬಳೆ ಒಡೆಯುವ ಪದ್ಧತಿಯೇ ಬೇಡ ಅಂತ ಠರಾವು ಮಾಡಿತು. ನಮ್ಮ ಬೆಳಗಾವಿ ಗಡಿಗೆ ತಾಗಿದ ತಾಲೂಕು ಅದು. ಗಡಿಯ ಈಚೆಯ ಊರುಗಳಿಗೂ ಆ ಠರಾವು ಬರಲಿ.

ಇನ್ನು ಕರಗಿಸುವ ವಿಷಯ. ಕರಗಿಸಿದ್ದು ನಾವೊಬ್ಬರೇ ಅಂತೇನಿಲ್ಲ. ಮೊದಲನೇ ಚಾರ್ಲ್ಸ್ ದೊರೆಯ ತಲೆ ಕಡಿದ 1649ರಲ್ಲಿ ಇಲ್ಲಿನ ಪಾರ್ಲಿಮೆಂಟು ಕಿರೀಟಗಳನ್ನೆಲ್ಲ ಒಡೆಸಿ ನಾಣ್ಯ ಮಾಡಿಸಿತು. ಆನ್ ಬೊಲಿನ್ ಚಿತ್ರದಲ್ಲಿ ಕಾಣುವ, ಬಿ ಅಕ್ಷರ ತೂಗುವ ಮುತ್ತಿನ ಸರ ಎಲ್ಲಿ ಹೋಯಿತೋ ಪತ್ತೆ ಇಲ್ಲ. ಉಳಿದದ್ದು ಬಹುಪಾಲು ನೆಲದಡಿ ಹೂತಿದ್ದಕ್ಕೇ ಉಳಿಯಿತು. ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ 1912ರಲ್ಲಿ ಹಳೇ ಕಟ್ಟಡ ಕೆಡವುವ ಕೂಲಿಗಳಿಗೆ ಸಿಕ್ಕ ಒಡವೆಯ ರಾಶಿಯೂ ಹಾಗೇ, ಅದರಲ್ಲಿ ಮಿನೆ (ಎನಾಮಲ್) ಕೆಲಸದ ಉದ್ದುದ್ದ ಹೂವಿನ ಸರಪಳಿಗಳಿವೆ, ನಮ್ಮ ದೇಶದ ವಜ್ರವೂ ಇದೆ. ಅದು ಮಣ್ಣಿನಲ್ಲಿ ಅಡಗಿರದಿದ್ದರೆ ಮೊದಲನೇ ಎಲಿಜಬೆತ್ ಕಾಲದ ಸಾಮಾನ್ಯ ಅಕ್ಕಸಾಲಿಗರ ಕೈ ಹೇಗಿತ್ತು ಅಂತ ಇವರಿಗೇ ಗೊತ್ತಾಗುತ್ತಿರಲಿಲ್ಲ. ಆದರೆ ಆಮೇಲೆ ಇವರು ಪಾಠ ಕಲಿತರು. ಬಡ ಮನೆಯ ಸಣ್ಣ ಲಾಕೆಟ್ಟನ್ನೂ, ಒಳಗೆ ಮುದ್ದಿನ ಮಗಳ ಕೂದಲಿಟ್ಟದ್ದನ್ನೂ, ಹಾಗೇ ಇಟ್ಟುಕೊಂಡರು. ಕರಗಿಸಿದರೆ ಹೆಚ್ಚೇನೂ ಸಿಗದ ಒಂಬತ್ತು ಕ್ಯಾರೆಟ್ಟೂ ಅದಕ್ಕೆ ಒಂದು ಕಾರಣ ಇರಬಹುದು. ಅಪ್ಪಟ ಚಿನ್ನವೇ ನಮ್ಮ ಒಡವೆಗಳಿಗೆ ಶತ್ರುವಾಯಿತು.

ನಮ್ಮಮ್ಮನ ಬಳಿ ಒಂದು ಅವಲಕ್ಕಿ ಸರ ಉಳಿದಿದೆ. ತೆಳ್ಳಗೆ ಬಡಿದ ಸಣ್ಣ ಸಣ್ಣ ತುಣುಕುಗಳನ್ನು ಒತ್ತೊತ್ತಾಗಿ ಪೋಣಿಸಿದ್ದು. ದೂರದಿಂದ ಎಲ್ಲ ಒಂದೇ ಥರ ಕಾಣುತ್ತದೆ, ಕೈಯಲ್ಲಿ ಹಿಡಿದು ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ಸ್ವಲ್ಪ ಬಾಗಿವೆ, ಕೆಲವಕ್ಕೆ ಸುತ್ತಿಗೆಯ ಏಟಿನ ಗುಳಿ ಇದೆ. ಕತ್ತಿನ ಹಿಂಭಾಗಕ್ಕೆ ತಾಗುವ ತುಣುಕುಗಳ ಅಂಚು ಸವೆದು ನುಣ್ಣಗಾಗಿದೆ. ಕೊಕ್ಕೆ ಮಾತ್ರ ಆಮೇಲೆ ಹಾಕಿಸಿದ್ದು, ಬೆಸುಗೆಯ ಬಣ್ಣ ಬೇರೆ. ಇದನ್ನು ಮಾಡಿದವರನ್ನು ಅಜ್ಜನ ಮನೆಯಲ್ಲಿ ಜಗಲಿಯಲ್ಲೇ ಕೂರಿಸಿ ಮಾಡಿಸಿದ್ದರಂತೆ. ಚಿನ್ನ ಕಣ್ಣೆದುರೇ ಇರಲಿ ಅನ್ನೋ ಲೆಕ್ಕ ಮನೆಯವರದು. ಅವರು ಅಲ್ಲೇ ಕುಲುಮೆ ಹೂಡಿ, ಊದುಕೊಳವೆ ಊದುತ್ತಾ ದಿನಗಟ್ಟಲೆ ಕೂತರು. ಆ ಕೆಲಸ ಈಗ ಎಷ್ಟು ಜನಕ್ಕೆ ಬರುತ್ತದೆ? ಬೇಲೂರಿನ ಮದನಿಕೆಯರ ಕತ್ತಿನ ಹಾರಗಳು 900 ವರ್ಷದಿಂದ ಹಾಗೇ ಇವೆ, ಯಾಕೆಂದರೆ ಕಲ್ಲನ್ನು ಕರಗಿಸಲಿಕ್ಕೆ ಆಗೋದಿಲ್ಲ. ಅವುಗಳಿಗೆ ಮಾದರಿಯಾಗಿದ್ದ ಚಿನ್ನದ ಹಾರ ಒಂದಾದರೂ ನಮ್ಮ ಕಣ್ಣಿಗೆ ಬೀಳುತ್ತಾ?

ಲಂಡನ್ನಿನಲ್ಲಿ ನಮ್ಮ ದೇಶದವರು ಹೆಚ್ಚಿರುವ ಸೌತ್‌ಹಾಲ್‌ನಲ್ಲಿ ನೋಡಿ, ಬೆಂಗಳೂರಿನಲ್ಲಿ ನೋಡಿ, ಎಲ್ಲ ಅಂಗಡಿಯಲ್ಲೂ ಒಂದೇ ದೃಶ್ಯ. ಹಳೇ ಸರ ಕೊಡುತ್ತಾರೆ, ಯಂತ್ರದಲ್ಲಿಟ್ಟು ಶುದ್ಧತೆ ನೋಡುತ್ತಾರೆ, ಬೆಸುಗೆ ಜಾಸ್ತಿ ಇದೆ ಅಂತ ಕಡಿಮೆ ಲೆಕ್ಕ ಹಾಕುತ್ತಾರೆ, ಅರಗು ತುಂಬಿದ್ದರೆ ಅದರ ತೂಕವನ್ನೂ ಕಳೆಯುತ್ತಾರೆ. ಆಮೇಲೆ ಆಂಟಿಕ್ ಫಿನಿಶ್ ಅಂತ, ಬೇಕಂತಲೇ ಹೊಳಪು ತಗ್ಗಿಸಿದ ಹೊಸ ಹಾರವನ್ನು ವೇಸ್ಟೇಜು, ಮೇಕಿಂಗ್ ಚಾರ್ಜು, ತೆರಿಗೆ ಎಲ್ಲ ಸೇರಿಸಿ ಕೊಡುತ್ತಾರೆ. ನಿಜವಾದ ಹಳೆಯದನ್ನು ಕೊಟ್ಟು ಹಳೆಯದರ ಹಾಗೆ ಕಾಣುವುದನ್ನು ದುಡ್ಡು ಸುರಿದು ತರುತ್ತಿದ್ದೇವೆ. ಇದು ನಷ್ಟದ ವ್ಯಾಪಾರ ಅಲ್ವಾ, ಬರೀ ದುಡ್ಡಿನ ಲೆಕ್ಕದಲ್ಲೂ?

ಎಲ್ಲವನ್ನೂ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕಷ್ಟ ಬಂದರೆ ಮಾರಿ, ಅಡವಿಡಿ, ಒಡವೆ ಇರೋದೇ ಅದಕ್ಕೆ. ಆದರೆ ಮನೆಗೊಂದು ಸರ ಹಾಗೇ ಇರಲಿ. ಬೋರಮಾಳ ಇರಲಿ, ಚಕ್ರಸರ ಇರಲಿ, ಕೊಡಗಿನ ಜೋಮಾಲೆ, ಕೊಕ್ಕೆತಾತಿ ಇರಲಿ. ಅದರ ಫೋಟೋ ತೆಗೆದು, ಯಾರದು, ಯಾವ ಊರಲ್ಲಿ ಮಾಡಿಸಿದ್ದು, ಯಾರ ಮದುವೆಗೆ ಹಾಕಿದ್ದು ಅಂತ ಕೇಳಿ ಬರೆದಿಡಿ. ಅಮ್ಮಂದಿರು, ದೊಡ್ಡಮ್ಮಂದಿರು ಇರುವಾಗಲೇ ಕೇಳಿ. ನಮ್ಮಂಥ ಹೊರನಾಡಿನವರಿಗೆ ಇದು ಇನ್ನೂ ಮುಖ್ಯ, ಇಲ್ಲಿ ಹುಟ್ಟಿದ ಮಕ್ಕಳಿಗೆ ಚಿನ್ನದ ದರ ಮೊಬೈಲಿನಲ್ಲೇ ಸಿಗುತ್ತದೆ, ಅಜ್ಜಿಯ ಕಥೆ ಸಿಗುವುದಿಲ್ಲ.

ಇಬ್ಬರು ಹೆಣ್ಣುಮಕ್ಕಳಿದ್ದರೆ ಏನು ಮಾಡೋದು ಅಂತ ಕೇಳುತ್ತಾರೆ. 1947ರಲ್ಲಿ ದೇಶ ಭಾಗವಾದಾಗ ಮೊಹೆಂಜೊದಾರೋದಲ್ಲಿ ಸಿಕ್ಕಿದ್ದ ಹಸಿರು ಕಲ್ಲಿನ, ಚಿನ್ನದ ಬಿಲ್ಲೆಗಳ ಸರವೊಂದನ್ನು ಬಿಚ್ಚಿ ಅರ್ಧ ಭಾರತಕ್ಕೆ, ಅರ್ಧ ಪಾಕಿಸ್ತಾನಕ್ಕೆ ಹಂಚಿದರು. ಸರ ತುಂಡಾಯಿತು ಅಂತ ಬಹಳ ಜನ ನೊಂದುಕೊಳ್ಳುತ್ತಾರೆ. ನಾನು ಹೇಳೋದು, ಅಷ್ಟು ವೈರದ ನಡುವೆಯೂ ಮಣಿಗಳಾದರೂ ಮಣಿಗಳಾಗಿಯೇ ಉಳಿದವು. ನಮ್ಮಮ್ಮನ ಅವಲಕ್ಕಿ ಸರಕ್ಕೂ ಹೀಗೇ ಮಾಡೋಣ ಅಂತ ಅಕ್ಕನಿಗೆ ಹೇಳಿದ್ದೇನೆ. ಅರ್ಧ ಅವಳ ಮಗಳಿಗೆ, ಅರ್ಧ ನನ್ನ ಮಗಳಿಗೆ, ಬೇಕಾದರೆ ನಡುನಡುವೆ ಹವಳ ಸೇರಿಸಿ ಉದ್ದ ಮಾಡಿಕೊಳ್ಳಬಹುದು. ಊರಿನಲ್ಲಿ ಸರ ಪೋಣಿಸಿ ಕೊಡುವ ಪಟವೇಗಾರರ ಮನೆಯೊಂದು ಇನ್ನೂ ಇದೆ, ಅವರನ್ನು ಕೇಳಿ ಬಂದಿದ್ದಾಳೆ ಅಕ್ಕ. ಭಾವ ಮಾತ್ರ ಈಗಿನ ದರ ತೋರಿಸಿ, ಅರ್ಧರ್ಧ ಮಾಡುವ ಬದಲು ಎರಡು ಹೊಸ ಚೈನೇ ಮಾಡಿಸಬಹುದಲ್ಲ ಅನ್ನುತ್ತಿದ್ದಾರೆ. ದಸರಾಕ್ಕೆ ಊರಿಗೆ ಹೋದಾಗ ಅವರ ಜೊತೆ ಕೂತು ಮಾತಾಡಬೇಕು.